ಹೆಸರು ಮತ್ತು ಮುದ್ರೆ

(ನಾಸಿಕದಲ್ಲಿ ಸಂಘದ ಯುವಜನರ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ‘ಆತ್ಮಶೋಧನೆ, ಮೌಲ್ಯಗಳು ಮತ್ತು ವೃತ್ತಿಜೀವನದ ಬ್ರ್ಯಾಂಡ್’ ಎಂಬುದು. ಪತ್ರ ಓದಿದಾಗ ಈ ಮೂರಕ್ಕೂ ಎಲ್ಲಿಯ ಬೀಗತನವೆಂದು ಸ್ವಲ್ಪ ಹೊತ್ತು ಯೋಚಿಸುವಂತಾಯಿತು. ಆತ್ಮಶೋಧನೆ ಎಂದರೆ ನಮ್ಮಂಥವರಿಗೆ ಮಠದ ಜಗಲಿ ನೆನಪಾಗುತ್ತದೆ. ಬ್ರ್ಯಾಂಡ್ ಎಂದರೆ ಸಾಬೂನು. ಆದರೆ ಸಭೆಯಲ್ಲಿ ಕುಳಿತಿರುವ ತರುಣರಿಗೆ ಇದು ತಮಾಷೆಯ ವಿಷಯವಲ್ಲವೆಂಬುದು ನನಗೆ ಗೊತ್ತಿದೆ. ಸಾತಪುರ, ಅಂಬಡದ ಕಾರ್ಖಾನೆಗಳಲ್ಲಿ, ಪುಣೆಯ ಕಂಪ್ಯೂಟರ್ ಕಚೇರಿಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ನಿಮಗೆ ‘ನೀನು ಯಾರು, ನಿನ್ನ ವಿಶೇಷವೇನು, ಎರಡು ಸಾಲಿನಲ್ಲಿ ಹೇಳು’ ಎಂದು ಕೇಳುತ್ತಾರೆ. ಆ ಎರಡು ಸಾಲನ್ನು ಬರೆಯಲು ಹೊರಟ ಹುಡುಗ ರಾತ್ರಿಯೆಲ್ಲ ಎದ್ದು ಕೂಡುತ್ತಾನೆ. ಆ ರಾತ್ರಿಗೆ ಏನಾದರೂ ಉಪಯೋಗವಾದೀತೇ ಎಂಬ ಆಸೆಯಿಂದ ಈ ಮಾತುಗಳನ್ನು ಆಡುತ್ತಿದ್ದೇನೆ.

ನಾನು ಬಂದಿರುವುದು ಛತ್ರಪತಿ ಸಂಭಾಜಿನಗರದಿಂದ. ಧಾರವಾಡದಿಂದ ಬಂದು ಅಲ್ಲಿ ನೆಲೆಸಿದಾಗ ಅದು ಔರಂಗಾಬಾದ್ ಆಗಿತ್ತು. 2023ರಲ್ಲಿ ಸರಕಾರ ಅದರ ಹೆಸರು ಬದಲಿಸಿತು. ಒಂದು ಇಡೀ ಊರಿನ ಹೆಸರು ಬದಲಾಗುವುದನ್ನು ಕಂಡವನಿಗೆ ಹೆಸರಿನ ವಿಷಯ ಹಗುರವೆಂದು ಎಂದೂ ಅನಿಸುವುದಿಲ್ಲ. ಹೊರನಾಡಿನ ಕನ್ನಡ ಸಭೆಯಲ್ಲಿ ‘ಕವಿರಾಜಮಾರ್ಗ’ದ ಪ್ರಸ್ತಾಪವಿಲ್ಲದೆ ಭಾಷಣ ಮುಗಿಯಬಾರದೆಂಬ ವಾಡಿಕೆಯೊಂದಿದೆ. ಅದನ್ನು ಈಗಲೇ ತೀರಿಸಿಬಿಡುತ್ತೇನೆ: ಆ ಗ್ರಂಥ ಕನ್ನಡನಾಡಿನ ಉತ್ತರದ ಮೇರೆಯೆಂದು ಹೇಳಿದ ಗೋದಾವರಿ ಈ ಸಭಾಂಗಣಕ್ಕೆ ದೂರವಿಲ್ಲ, ಅದೇ ನದಿ ಮುಂದೆ ನಮ್ಮ ಜಿಲ್ಲೆಯ ಪೈಠಣದಲ್ಲೂ ಹರಿಯುತ್ತದೆ. ಆದ್ದರಿಂದ ನಾವಿಬ್ಬರೂ ಒಂದೇ ನೀರಿನವರು. ಇನ್ನು ವಿಷಯಕ್ಕೆ ಬರೋಣ.

‘ಸ್ವಂತ ಬ್ರ್ಯಾಂಡ್’ ಎಂಬ ಮಾತು ಜಗತ್ತಿನಲ್ಲಿ ಪ್ರಚಾರಕ್ಕೆ ಬಂದದ್ದು 1997ರಲ್ಲಿ, ಟಾಮ್ ಪೀಟರ್ಸ್ ಎಂಬ ಅಮೆರಿಕದ ಆಡಳಿತತಜ್ಞ ‘ಫಾಸ್ಟ್ ಕಂಪನಿ’ ಎಂಬ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಪ್ರತಿಯೊಬ್ಬ ನೌಕರನೂ ತನ್ನ ಕಂಪನಿಗೆ ತಾನೇ ಯಜಮಾನ, ಆ ಕಂಪನಿ ಎಂದರೆ ಅವನೇ, ಅದರ ಪ್ರಚಾರವೂ ಅವನದೇ ಹೊಣೆ ಎಂಬುದು ಅದರ ಸಾರ. ಅಮೆರಿಕದಲ್ಲಿ ಜೀವಮಾನದ ನೌಕರಿ ಎಂಬುದು ಮುಗಿದುಹೋಗುತ್ತಿದ್ದ ಕಾಲ ಅದು. ಕಂಪನಿ ನಿನ್ನನ್ನು ಕಾಯುವುದಿಲ್ಲವಾದ್ದರಿಂದ ನಿನ್ನನ್ನು ನೀನೇ ಮಾರಿಕೊ ಎಂಬ ಉಪದೇಶ ಆ ಸಂಕಟದಿಂದ ಹುಟ್ಟಿತು. ಅಲ್ಲಿಯ ಸಂಕಟ ಈಗ ವಾಳೂಜಕ್ಕೂ ಸಾತಪುರಕ್ಕೂ ಬಂದಿದೆ. ಗುತ್ತಿಗೆಯ ಮೇಲೆ ಹನ್ನೊಂದು ತಿಂಗಳು ದುಡಿದು ಮತ್ತೆ ಗೇಟಿನ ಹೊರಗೆ ನಿಲ್ಲುವ ಹುಡುಗರನ್ನು ನಾನು ದಿನವೂ ಕಂಡವನು. ಆದ್ದರಿಂದ ಆ ಉಪದೇಶವನ್ನು ನಗೆಯಾಡುವ ಮನಸ್ಸು ನನಗಿಲ್ಲ. ಅದು ಅರ್ಧಕ್ಕೇ ನಿಂತಿದೆ ಎಂಬುದಷ್ಟೇ ನನ್ನ ತಕರಾರು.

ಬ್ರ್ಯಾಂಡ್ ಎಂಬ ಇಂಗ್ಲಿಷ್ ಪದದ ಮೂಲದಲ್ಲಿ ಸುಡುವ ಅರ್ಥವಿದೆ. ದನಗಳ ಮೈಮೇಲೆ ಕಾದ ಕಬ್ಬಿಣದಿಂದ ಒಡೆಯನ ಗುರುತನ್ನು ಒತ್ತುತ್ತಿದ್ದರು. ನಮ್ಮಲ್ಲಿ ಅದಕ್ಕೆ ಬರೆ ಎನ್ನುತ್ತೇವೆ. ಬರೆ ಹಾಕಿಸಿಕೊಂಡ ದನ ಬೇರೆಯವರದು. ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಮಾತೊಂದಿದೆ, ‘ಹೆಸರು’. ಹೆಸರು ಮಾಡುತ್ತೇವೆ, ಹೆಸರು ಉಳಿಸಿಕೊಳ್ಳುತ್ತೇವೆ, ಕೆಡಿಸಿಕೊಳ್ಳುತ್ತೇವೆ, ಹೆಸರಿಗೆ ಮಾತ್ರ ಮಾಡುವವರನ್ನು ಬಯ್ಯುತ್ತೇವೆ. ಇನ್ನೊಂದು ಮಾತು ‘ಅಂಕಿತ’. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ಮಾತಿನ ಕೊನೆಗೆ ಸಾಮಾನ್ಯವಾಗಿ ಇಷ್ಟದೇವರ ಹೆಸರನ್ನು ಇಟ್ಟರು, ತಮ್ಮದನ್ನಲ್ಲ. ಆದರೆ ಅಂಬಿಗರ ಚೌಡಯ್ಯನನ್ನು ನೋಡಿ. ಅವನು ತನ್ನ ಹೆಸರನ್ನೇ, ಅದಕ್ಕೆ ದೋಣಿಯ ವೃತ್ತಿಯನ್ನೂ ಜೋಡಿಸಿ, ಅಂಕಿತವಾಗಿ ಇಟ್ಟುಕೊಂಡ. ಕೀಳೆಂದು ಕರೆಸಿಕೊಳ್ಳುತ್ತಿದ್ದ ವೃತ್ತಿಯೇ ಅವನ ಸಹಿಯಾಯಿತು. ಇದರಲ್ಲಿ ಎಷ್ಟು ಧೈರ್ಯವಿದೆಯೆಂಬುದು, ಅಪ್ಪನ ಕಸುಬು ಯಾವುದೆಂದು ಕೇಳಿದರೆ ಉತ್ತರ ತಪ್ಪಿಸುವ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದ ಪಾಠ.

ಕೆಲಸದ ಮೇಲೆ ಹೆಸರು ಬರೆಯುವ ವಿಷಯದಲ್ಲೂ ಕನ್ನಡನಾಡು ಹಿಂದೆ ಬಿದ್ದಿಲ್ಲ. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿದರು. ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಹಣಿಯುವ ಬಿರುದುಗಳನ್ನೂ ಕೆತ್ತಿಕೊಂಡರು. ಅಂದರೆ ಜಾಹೀರಾತು ಹೊಸದಲ್ಲ. ಆದರೆ ನಮ್ಮೂರಿನ ಬಳಿಯ ಎಲ್ಲೋರಕ್ಕೆ ಬನ್ನಿ. ರಾಷ್ಟ್ರಕೂಟರ ಮೊದಲನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ತೆಗೆದ ಕೈಲಾಸನಾಥ ದೇಗುಲ ಅಲ್ಲಿದೆ. ಕಟ್ಟುವ ಕೆಲಸದಲ್ಲಿ ತಪ್ಪಾದರೆ ಕಲ್ಲು ಬದಲಿಸಬಹುದು. ಕಡಿಯುವ ಕೆಲಸದಲ್ಲಿ ಹೋದ ಕಲ್ಲು ಹೋಯಿತು. ಗುಜರಾತಿನ ರಾಷ್ಟ್ರಕೂಟ ಶಾಖೆಯ ಕರ್ಕನು ಸುಮಾರು 812ರಲ್ಲಿ ಹೊರಡಿಸಿದ ಬಡೋದೆಯ ತಾಮ್ರಪಟ ಈ ದೇವಾಲಯವನ್ನು ಹೊಗಳುತ್ತ ಒಂದು ಸಂಗತಿ ಹೇಳುತ್ತದೆ: ಇದನ್ನು ಮಾಡಿದ ಶಿಲ್ಪಿಯೇ ಇದನ್ನು ಕಂಡು, ನಾನು ಇದನ್ನು ಹೇಗೆ ಮಾಡಿದೆನೋ ಎಂದು ಬೆರಗಾದನಂತೆ, ಇನ್ನೊಮ್ಮೆ ಇಂಥದನ್ನು ಮಾಡಲಾರೆ ಎಂದು ಅವನಿಗೆ ಅನಿಸಿತಂತೆ. ಹೆಸರು ಉಳಿಯಲಿಲ್ಲ, ಬೆರಗು ಉಳಿಯಿತು. ಆತ್ಮಶೋಧನೆ ಎಂಬ ಮಾತಿಗೆ ನಾನು ಕಂಡ ಅತ್ಯುತ್ತಮ ಉದಾಹರಣೆ ಈ ಅನಾಮಿಕನದು. ತಾನು ಯಾರೆಂಬುದನ್ನು ಅವನು ಮೊದಲೇ ಕುಳಿತು ಪಟ್ಟಿ ಮಾಡಿಕೊಳ್ಳಲಿಲ್ಲ. ಕೆಲಸ ಮುಗಿದ ಮೇಲೆ ತಿರುಗಿ ನೋಡಿದಾಗ ಅವನಿಗೆ ಅದು ಗೊತ್ತಾಯಿತು.

ಕಾರ್ಖಾನೆಯ ಮಾತೊಂದನ್ನು ಹೇಳುತ್ತೇನೆ. ನಾನು ಮೂರು ದಶಕ ಕೆಲಸ ಮಾಡಿದ್ದು ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ. ಅಲ್ಲಿ ಪ್ರತಿ ತಪಾಸಕನಿಗೂ ಒಂದು ಚಿಕ್ಕ ಉಕ್ಕಿನ ಮುದ್ರೆ ಕೊಡುತ್ತಿದ್ದರು; ಅದರ ಮೇಲೆ ಹೆಸರಿಲ್ಲ, ಬರೀ ನಂಬರು. ತುಂಡನ್ನು ಅಳೆದು ಸರಿಯಿದ್ದರೆ ಮುದ್ರೆ ಒತ್ತಬೇಕು. ನಮ್ಮಲ್ಲಿ ಹದಿನೇಳನೆಯ ನಂಬರಿನ ಮುದ್ರೆ ಒಬ್ಬ ಹಿರಿಯರ ಬಳಿ ಇತ್ತು. ಅವರು ಪೈಠಣದ ಕಡೆಯ ಮರಾಠಿ ಗೃಹಸ್ಥರು, ಇಂಗ್ಲಿಷು ಅಷ್ಟಕ್ಕಷ್ಟೆ, ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. ತಿಂಗಳ ಕೊನೆಯ ಎರಡು ದಿನ ಮಾಲು ಕಳಿಸುವ ಒತ್ತಡವಿದ್ದಾಗ ಮೇಲಿನಿಂದ ಯಾರಾದರೂ ಬಂದು ‘ಕಾಕಾ, ಒಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆ, ಒತ್ತಿಬಿಡಿ’ ಎಂದರೆ ಅವರು ವಾದ ಮಾಡುತ್ತಿರಲಿಲ್ಲ. ಮುದ್ರೆಯನ್ನು ಮೇಜಿನ ಮೇಲೆ ಇಟ್ಟು, ‘ನೀವೇ ಒತ್ತಿ ಸಾಹೇಬ, ಕೆಳಗೆ ನಿಮ್ಮ ಸಹಿ ಮಾಡಿ’ ಎನ್ನುತ್ತಿದ್ದರು. ನಾನು ಇದ್ದಷ್ಟು ಕಾಲ ಯಾರೂ ಒತ್ತಲಿಲ್ಲ. ಅವರಿಗೆ ಬಡ್ತಿ ತಡವಾಗಿಯೇ ಬಂತು. ಆದರೆ ಮಾಲು ಕೊಳ್ಳುವ ಕಂಪನಿಯವರು ಪೆಟ್ಟಿಗೆ ತೆರೆದಾಗ ಹದಿನೇಳು ಕಂಡರೆ ಮತ್ತೆ ಅಳೆಯುತ್ತಿರಲಿಲ್ಲವೆಂದು ನಮಗೆ ಆಮೇಲೆ ತಿಳಿಯಿತು. ಅವರ ಮುಖವನ್ನೂ ಹೆಸರನ್ನೂ ಎಂದೂ ಕಾಣದವರು ಅವರನ್ನು ನಂಬಿದ್ದರು. ಟಾಮ್ ಪೀಟರ್ಸ್ ಮಹಾಶಯನ ಲೇಖನವನ್ನು ಆ ಕಾಕಾ ಓದಿರಲಿಲ್ಲ.

ಈಗ ನಾಸಿಕಕ್ಕೆ, ನಮ್ಮವರೇ ಆದ ಒಬ್ಬ ತರುಣ ಇಲ್ಲಿಗೆ ಬಂದ ದಿನಗಳಿಗೆ ಬರುತ್ತೇನೆ. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಿಗೆ ಮೊದಲು ಕೊಟ್ಟ ಊರು ಇದೇ ನಾಸಿಕ. ಬೆಂಗಳೂರಿನ ಸರ್ ಎಂ.ವಿ. ಪ್ರತಿಮೆಗೆ ಹಾರ ಹಾಕುವ ನಾವು ಅವರೂ ಒಬ್ಬ ಹೊರನಾಡ ಕನ್ನಡಿಗನೆಂಬುದನ್ನು ಮರೆಯುತ್ತೇವೆ. ನೌಕರಿಯ ಮೊದಲ ಕಾಲು ಶತಮಾನವನ್ನು ಅವರು ಕಳೆದದ್ದು ಮುಂಬಯಿ ಪ್ರಾಂತದಲ್ಲಿ. ನಾಸಿಕ, ಖಾನದೇಶ, ಸೂರತ್, ಪುಣೆ, ಸಿಂಧದ ಸಕ್ಕರ್ ಎಂದು ಊರೂರು ಅಲೆದರು. ತಂದೆ ಬೇಗ ತೀರಿಕೊಂಡಿದ್ದರು. ಬೆಂಗಳೂರಿನಲ್ಲಿ ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ಓದಿದ್ದರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿದ್ದರು. ಇಲ್ಲಿಗೆ ಬಂದಾಗ ಅವರ ಬಳಿಯಿದ್ದದ್ದು ಆ ಒಂದು ಕಾಗದ ಮಾತ್ರ. ಹೆಸರು ಇನ್ನೂ ಹುಟ್ಟಿರಲಿಲ್ಲ.

ಅವರ ಬಗ್ಗೆ ಎರಡು ಮೇಣದಬತ್ತಿಗಳ ಕಥೆ, ಒಂದು ಸರಕಾರದ್ದು, ಒಂದು ಸ್ವಂತದ್ದು ಎಂಬುದು, ನಿಮಗೆಲ್ಲ ಬಾಯಿಪಾಠ. ಅದನ್ನು ನಾನು ಬಿಡುತ್ತೇನೆ. ಅದೇ ಕಥೆಯನ್ನು ಚಾಣಕ್ಯನ ದೀಪಕ್ಕೂ ಹೇಳುತ್ತಾರೆ. ಕಥೆಗಿಂತ ಕೆಲಸ ಹೆಚ್ಚು ಹೇಳುತ್ತದೆ. ನಾಸಿಕದ ಪಕ್ಕದ ಖಾನದೇಶದಲ್ಲಿ, ಪಾಂಝರಾ ನದಿಯ ಕಡೆ, ದಾತರ್ತಿ ಎಂಬಲ್ಲಿ ನೀರನ್ನು ಕೊಳವೆಯಲ್ಲಿ ಅಡ್ಡ ದಾಟಿಸುವ ಕೆಲಸವೊಂದು ಹೊಸ ಎಂಜಿನಿಯರಿಗೆ ಬಂತು. ಮಳೆ ಸುರಿಯುತ್ತಿತ್ತು. ಮಳೆಗಾಲ ಕಳೆಯಲಿ ಎಂದು ಅವರು ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಆಗ ಅವರು ಆ ಮಳೆಯಲ್ಲೇ ಹೋಗಿ ಕೆಲಸವನ್ನು ಮುಗಿಸಿಕೊಟ್ಟರು. ಅದೇ ಅಧಿಕಾರಿಯ ಮೆಚ್ಚುಗೆ ದೊರೆಯಿತು. ಇದರಿಂದ ‘ಮೇಲಿನವರು ಹೇಳಿದ್ದನ್ನೆಲ್ಲ ಮಾಡು’ ಎಂಬ ನೀತಿ ತೆಗೆಯುವವರಿದ್ದಾರೆ. ನಾನು ಕಾಣುವುದು ಬೇರೆ. ಅವರು ಮೊದಲು ತಮಗೆ ಅನಿಸಿದ್ದನ್ನು ಲಿಖಿತವಾಗಿ ಹೇಳಿದರು; ಒಪ್ಪಿಕೊಂಡ ಮೇಲೆ ಅರೆಮನಸ್ಸಿನಿಂದ ಮಾಡಲಿಲ್ಲ. ಇಪ್ಪತ್ತಮೂರರ ಆಸುಪಾಸಿನ ಹುಡುಗನಿಗೆ ತನ್ನ ಬಗ್ಗೆ ಏನೋ ಒಂದು ಅಲ್ಲಿ ತಿಳಿದಿರಬೇಕು. ಕಾಲೇಜಿನ ಬಿರುದು ಅದನ್ನು ತಿಳಿಸಿರಲಾರದು.

ಮುಂದೆ ಪುಣೆಯ ಬಳಿ ಖಡಕವಾಸ್ಲಾ ಕೆರೆಗೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನೀರು ಒಂದು ಮಟ್ಟ ಮೀರಿದರೆ ತಾವಾಗಿಯೇ ತೆರೆದು, ಇಳಿದರೆ ತಾವಾಗಿಯೇ ಮುಚ್ಚುವ ಬಾಗಿಲುಗಳನ್ನು ಅವರು ಅಳವಡಿಸಿದರು. ಅದಕ್ಕೆ ಪೇಟೆಂಟ್ ಪಡೆದರು. ಆದರೆ ತಾನು ಸರಕಾರದ ಸಂಬಳ ಪಡೆಯುತ್ತ, ತನ್ನ ಕರ್ತವ್ಯದ ಭಾಗವಾಗಿ ಕಟ್ಟಿದ ಕೆಲಸಕ್ಕೆ ರಾಯಧನ ತೆಗೆದುಕೊಳ್ಳಲು ಒಪ್ಪಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಪೇಟೆಂಟ್ ಪಡೆದದ್ದು ‘ಇದು ನನ್ನದು’ ಎಂಬ ಹಕ್ಕಿನ ಮಾತು. ಹಣ ಬೇಡವೆಂದದ್ದು ‘ಇದಕ್ಕೆ ನನಗೆ ಆಗಲೇ ಸಂದಿದೆ’ ಎಂಬ ಲೆಕ್ಕದ ಮಾತು. ನಮ್ರತೆಯ ಹೆಸರಿನಲ್ಲಿ ತಮ್ಮ ಕೆಲಸವನ್ನು ಬೇರೆಯವರ ಹೆಸರಿಗೆ ಬಿಟ್ಟುಕೊಟ್ಟು ಆಮೇಲೆ ಗೊಣಗುವ ಚಾಳಿ ನಮ್ಮ ಜನರಲ್ಲಿ ಬಹಳ. ಸರ್ ಎಂ.ವಿ. ಅದನ್ನು ಮಾಡಲಿಲ್ಲ. 1951ರಲ್ಲಿ ಅವರು ಪ್ರಕಟಿಸಿದ ಆತ್ಮಕಥೆಯ ಹೆಸರೇ ‘ನನ್ನ ದುಡಿಮೆಯ ಜೀವನದ ನೆನಪುಗಳು’ ಎಂಬರ್ಥದ್ದು. ಜೀವನದ ನೆನಪು ಎನ್ನಲಿಲ್ಲ, ದುಡಿಮೆಯ ಜೀವನ ಎಂದರು.

1908ರಲ್ಲಿ ಅವರು ಮುಂಬಯಿ ಸರಕಾರದ ಕೆಲಸ ಬಿಟ್ಟರು. ಮುಖ್ಯ ಎಂಜಿನಿಯರ್ ಕುರ್ಚಿ ಆ ಕಾಲದಲ್ಲಿ ಭಾರತೀಯನಿಗೆ ಸಿಗುವಂಥದಾಗಿರಲಿಲ್ಲ. ಅವರು ಪ್ರವಾಸಕ್ಕೆಂದು ವಿದೇಶದಲ್ಲಿದ್ದಾಗ, ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಕೊಚ್ಚಿಹಾಕಿತು. ನಮ್ಮ ಔರಂಗಾಬಾದ್ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಆ ಸರಕಾರ ಹುಡುಕಿಕೊಂಡು ಹೋಗಿ ಕರೆದದ್ದು ಇವರನ್ನು. ಅರ್ಜಿಯಿಲ್ಲ, ಶಿಫಾರಸಿನ ಓಡಾಟವಿಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಉಳಿದದ್ದು ನಿಮಗೆ ಗೊತ್ತು. ಹೊರನಾಡಿನಲ್ಲಿ ಕಾಲು ಶತಮಾನ ಮಾಡಿದ ಕೆಲಸವೇ ಊರಿಗೆ ಮರಳುವ ದಾರಿಯನ್ನು ಕಡಿದುಕೊಟ್ಟಿತು ಎನ್ನುವುದಷ್ಟನ್ನು ಗಮನಿಸಿ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಬರುತ್ತದೆ. ಆದರೆ ಈ ಪತ್ರಿಕೆಯ ಓದುಗರು, ಈ ಸಭೆಯ ಹಿರಿಯರು ಅಷ್ಟಕ್ಕೆ ಬಿಡುವವರಲ್ಲವಾದ್ದರಿಂದ ಉಳಿದರ್ಧವನ್ನೂ ಹೇಳಬೇಕು. ಮೌಲ್ಯ ಎಂಬ ಪದವನ್ನು ನಾವು ಕಣ್ಣು ಮುಚ್ಚಿ ಒಳ್ಳೆಯದೆಂದು ತಿಳಿಯುತ್ತೇವೆ. ಸರ್ ಎಂ.ವಿ. ಅವರ ಬಹು ದೊಡ್ಡ ಮೌಲ್ಯ ಯೋಗ್ಯತೆ: ಯೋಗ್ಯನಾದವನಿಗೆ ಹುದ್ದೆ. 1918ರಲ್ಲಿ ಮೈಸೂರಿನಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಸರಕಾರಿ ನೌಕರಿಯಲ್ಲಿ ಸಾಕಷ್ಟು ಪಾಲು ದೊರೆಯುವ ದಾರಿ ಹುಡುಕಲು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದಾಗ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ತಾನು ನಂಬಿದ್ದಕ್ಕಾಗಿ ಅಧಿಕಾರ ಬಿಡುವುದು ದೊಡ್ಡ ಮಾತು, ನಿಜ. ಆದರೆ ಆ ನಂಬಿಕೆಯ ಬೆಲೆಯನ್ನು ಕಟ್ಟುವವರು ಯಾರು? ಪರೀಕ್ಷೆಯ ಕೋಣೆಯ ಬಾಗಿಲವರೆಗೂ ಬರಲು ಬಿಡದವನನ್ನು ಪರೀಕ್ಷೆಯಲ್ಲಿ ಎಷ್ಟು ಅಂಕ ಎಂದು ಕೇಳುವುದು ಯೋಗ್ಯತೆಯ ಲೆಕ್ಕವಾಗುವುದಿಲ್ಲ. ಕನ್ನಂಬಾಡಿ ಕಟ್ಟಿದವರ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗದೆ ನಾನು ಈ ಮಾತನ್ನು ಹೇಳುತ್ತೇನೆ: ಆ ವಿಷಯದಲ್ಲಿ ಮಹಾರಾಜರ ದೃಷ್ಟಿ ದಿವಾನರ ದೃಷ್ಟಿಗಿಂತ ದೂರ ಹೋಗಿತ್ತು.

ಇದನ್ನು ನಾಸಿಕದಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ವಿಶ್ವೇಶ್ವರಯ್ಯನವರು ಕೆಲಸಕ್ಕೆ ಸೇರಿದ ಇದೇ ಊರಿನಲ್ಲಿ 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಕಾಳಾರಾಮ ಮಂದಿರದ ಸತ್ಯಾಗ್ರಹ ಆರಂಭವಾಯಿತು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಇದೇ ಜಿಲ್ಲೆಯ ಯೇವಲೆಯಲ್ಲಿ, ಹಿಂದುವಾಗಿ ಹುಟ್ಟಿದ್ದು ತನ್ನ ಕೈಯಲ್ಲಿರಲಿಲ್ಲ, ಹಿಂದುವಾಗಿ ಸಾಯುವುದಿಲ್ಲವೆಂದು ಅವರು ಸಾರಿದರು. ಯೇವಲೆ ನಮ್ಮ ಎರಡು ಊರುಗಳ ನಡುವಿನ ದಾರಿಯಲ್ಲೇ ಇದೆ. ಪೈಠಣಿ ಸೀರೆ ಕೊಳ್ಳಲು ನಮ್ಮ ಹೆಂಗಸರು ಅಲ್ಲಿ ಇಳಿಯುತ್ತಾರೆ. ಯೋಚಿಸಿ ನೋಡಿ: ನಮಗೆ ‘ನೀನು ಯಾರು’ ಎಂದು ಕೇಳಿದರೆ ನಾವು ಖಾಲಿ ಹಾಳೆಯ ಮೇಲೆ ಬರೆಯುತ್ತೇವೆ. ಕೆಲವರ ಹಾಳೆಯ ಮೇಲೆ ಬೇರೆಯವರು ಆಗಲೇ ಬರೆದುಬಿಟ್ಟಿರುತ್ತಾರೆ, ಅದೂ ಕಾದ ಕಬ್ಬಿಣದಿಂದ. ಅವರ ಆತ್ಮಶೋಧನೆ ಆ ಬರೆಯನ್ನು ಒಪ್ಪದಿರುವಲ್ಲಿ ಶುರುವಾಗಬೇಕಾಗುತ್ತದೆ.

1950ರಲ್ಲಿ ಅಂಬೇಡ್ಕರರು ತಮ್ಮ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಮೂಲಕ ಔರಂಗಾಬಾದಿನಲ್ಲಿ ಕಾಲೇಜು ತೆರೆದರು. ಹೆಸರು ಮಿಲಿಂದ ಮಹಾವಿದ್ಯಾಲಯ. ಅದಿರುವ ಪ್ರದೇಶಕ್ಕೆ ನಾಗಸೇನವನ. ಮಿಲಿಂದನೆಂಬ ಗ್ರೀಕ್ ಮೂಲದ ಅರಸ ನಾಗಸೇನನೆಂಬ ಬೌದ್ಧ ಭಿಕ್ಷುವಿಗೆ ಕೇಳಿದ ಪ್ರಶ್ನೆಗಳ ಪಾಲಿ ಗ್ರಂಥವೊಂದಿದೆ. ಅವರ ಸಂವಾದ ಆರಂಭವಾಗುವುದೇ ಹೆಸರಿನಿಂದ. ನಿಮ್ಮ ಹೆಸರೇನು ಎಂದು ಅರಸ ಕೇಳುತ್ತಾನೆ. ನನ್ನನ್ನು ನಾಗಸೇನ ಎಂದು ಕರೆಯುತ್ತಾರೆ, ಆದರೆ ಅದು ಕರೆಯುವುದಕ್ಕೊಂದು ಗುರುತು ಮಾತ್ರ, ಅದರೊಳಗೆ ಸ್ಥಿರವಾದ ಒಬ್ಬ ವ್ಯಕ್ತಿ ಸಿಗಲಾರ ಎಂದು ಭಿಕ್ಷು ಉತ್ತರಿಸುತ್ತಾನೆ. ಅರಸ ಗೊಂದಲಗೊಂಡಾಗ, ನೀನು ಬಂದ ರಥ ಯಾವುದು, ಗಾಲಿಯೇ, ಅಚ್ಚೇ, ನೊಗವೇ ಎಂದು ಮರುಪ್ರಶ್ನೆ ಹಾಕುತ್ತಾನೆ. ಮರಾಠವಾಡದ ಎಷ್ಟೋ ಮನೆಗಳ ಮೊದಲ ಪದವೀಧರರು ಈ ಪ್ರಶ್ನೋತ್ತರದ ಹೆಸರು ಹೊತ್ತ ಕಾಲೇಜಿನಿಂದ ಹೊರಬಂದರು. ದಲಿತ ಸಾಹಿತ್ಯ ಚಳವಳಿಗೂ ಆ ಆವರಣ ನೆಲೆಯಾಯಿತು. ‘ನಿನ್ನ ಬ್ರ್ಯಾಂಡ್ ಏನು’ ಎಂದು ಯಾರಾದರೂ ಕೇಳಿದಾಗ ನನಗೆ ಈ ರಥ ನೆನಪಾಗುತ್ತದೆ. ಬಿಡಿಬಿಡಿಯಾಗಿ ತೆಗೆದು ತೋರಿಸಿದರೆ ಅಲ್ಲಿ ಏನೂ ಇಲ್ಲ, ಓಡಿಸಿದರೆ ಇದೆ.

ಇಷ್ಟು ದೊಡ್ಡವರ ಮಾತಾಯಿತು. ಇನ್ನು ನಮ್ಮ ಮನೆಗಳಿಗೆ ಬರೋಣ. ಓಝರಿನ ವಿಮಾನ ಕಾರ್ಖಾನೆ 1964ರಲ್ಲಿ ಆರಂಭವಾಯಿತು. ಬೆಂಗಳೂರಿನ ಮೈಕೋ ಕೂಡ, ಈಗ ಬಾಷ್ ಎಂದು ಹೆಸರಾಗಿರುವ ಕಂಪನಿ, ಮುಂದೆ ಇಲ್ಲಿ ಕಾರ್ಖಾನೆ ತೆರೆಯಿತು. ಎರಡರ ಬೇರೂ ಬೆಂಗಳೂರಿನಲ್ಲಿದ್ದುದರಿಂದ ಹಲವು ಕನ್ನಡ ಮನೆಗಳು ಹೀಗೆ ನಾಸಿಕಕ್ಕೆ ಬಂದವು. ಅದಕ್ಕೂ ಮೊದಲು, ಆಮೇಲೂ, ಉಡುಪಿಯವರು ಬಂದರು. ‘ಉಡುಪಿ’ ಎಂಬ ಹೆಸರಿನ ಚರಿತ್ರೆಯೇ ಬ್ರ್ಯಾಂಡಿನ ಮೇಲೆ ಒಂದು ಪಾಠಪುಸ್ತಕವಾಗಬಲ್ಲದು. 1942ರಲ್ಲಿ ಎ. ರಾಮನಾಯಕರು ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದಾಗ ಆ ಊರಿನ ಹೆಸರಿಗೆ ಇಷ್ಟು ಬೆಲೆ ಬರುತ್ತದೆಂದು ಯಾರು ಬಲ್ಲರು? ಅದು ಯಾರ ಸೊತ್ತೂ ಅಲ್ಲ. ಸಾವಿರಾರು ಮಂದಿ ಬೆಳಗಿನ ಜಾವ ಎದ್ದು ಹಿಟ್ಟು ನೋಡಿದ ಫಲ ಅದು. ಈಗ ಹೆದ್ದಾರಿಯುದ್ದಕ್ಕೂ ಉಡುಪಿಯ ಮುಖ ಕಾಣದವರೂ ಆ ಫಲಕ ಹಾಕುತ್ತಾರೆ, ಸಾಂಬಾರಿಗೆ ಸಕ್ಕರೆ ಸುರಿದು ಆ ಸಾಲವನ್ನು ಕರಗಿಸುತ್ತಾರೆ. ಸಾಮೂಹಿಕ ಹೆಸರಿನ ಅಪಾಯ ಇದು: ಹತ್ತು ಜನ ಕೂಡಿಟ್ಟದ್ದನ್ನು ಹನ್ನೊಂದನೆಯವನು ಖರ್ಚು ಮಾಡಬಹುದು. ‘ಕನ್ನಡಿಗರು ಪ್ರಾಮಾಣಿಕರು’ ಎಂದು ಈ ಊರಿನವರು ಹೇಳಿದಾಗ ನಾವು ಹಿಗ್ಗುತ್ತೇವಲ್ಲ, ಅದೂ ನಾವು ಗಳಿಸಿದ್ದಲ್ಲ, ನಮ್ಮ ಮಾವಂದಿರು, ಚಿಕ್ಕಪ್ಪಂದಿರು ಇಟ್ಟುಹೋದ ಠೇವಣಿ.

ಆದರೆ ಇದೇ ಕನ್ನಡವನ್ನು ಅರ್ಜಿಯಿಂದ ಅಳಿಸುವ ತರುಣರನ್ನೂ ಕಂಡಿದ್ದೇನೆ. ‘ತಿಳಿದಿರುವ ಭಾಷೆಗಳು’ ಎಂಬಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಬರೆದು ನಿಲ್ಲಿಸುತ್ತಾರೆ. ಕೇಳಿದರೆ, ಕಾಕಾ, ಇದರಿಂದ ಏನು ಉಪಯೋಗ ಎನ್ನುತ್ತಾರೆ. ನಮ್ಮೂರಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಅವಳು ನಮ್ಮ ಸಂಘದ ಮನೆಯ ಮಗಳು, ಹೆಸರು ಬೇಡ. ಮನೆಯಲ್ಲಿ ಬೀದರ ಕಡೆಯ ಕನ್ನಡ. ಹೊರಗೆ ಅದನ್ನು ಆಡಿದವಳಲ್ಲ, ಜೊತೆಯವರಿಗೆ ಅವಳು ಕನ್ನಡದವಳೆಂದೇ ಗೊತ್ತಿರಲಿಲ್ಲ. ಒಂದು ರಾತ್ರಿ ಕಟ್ಟಡದ ಕೆಲಸಕ್ಕೆಂದು ಯಾದಗಿರಿಯಿಂದ ಬಂದ ಕೂಲಿ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ಮಗುವಿಗೆ ಎಂಥ ಔಷಧಿ ಕುಡಿಸಿದ್ದಾಳೆ ಎಂಬುದನ್ನು ವೈದ್ಯರು ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳುತ್ತಿದ್ದಾರೆ. ಅವಳಿಗೆ ಎರಡೂ ಬರದು, ‘ಯವ್ವಾ, ಯವ್ವಾ’ ಎಂದು ಅಳುತ್ತಿದ್ದಾಳೆ. ರಕ್ತದ ಮಾದರಿ ಒಯ್ಯಲು ಬಂದ ನಮ್ಮ ಹುಡುಗಿ ಬಾಗಿಲಲ್ಲಿ ನಿಂತಳು. ಸುಮ್ಮನೆ ಸೀಸೆ ತೆಗೆದುಕೊಂಡು ಹೋಗಬಹುದಾಗಿತ್ತು. ‘ಯಾವ ಎಣ್ಣಿ ಕುಡಿಸೀದಿ ಅಕ್ಕಾ, ಎಷ್ಟು ಕುಡಿಸೀದಿ’ ಎಂದು ಕೇಳಿದಳು. ಉತ್ತರ ಸಿಕ್ಕಿತು, ಚಿಕಿತ್ಸೆ ಸಿಕ್ಕಿತು, ಮಗು ಉಳಿಯಿತು.

ಆಮೇಲಿನದನ್ನೂ ಹೇಳಬೇಕು, ಏಕೆಂದರೆ ಇಂಥ ಕಥೆಗಳನ್ನು ನಾವು ಸಿಹಿಯಲ್ಲೇ ಮುಗಿಸುತ್ತೇವೆ. ಅಂದಿನಿಂದ ಕರ್ನಾಟಕದ ಕೂಲಿಯವರು ಯಾರು ಬಂದರೂ ಅವಳಿಗೆ ಕರೆ. ಪಾಳಿ ಮುಗಿದರೂ ಕರೆ, ರಜೆಯ ದಿನವೂ ಫೋನು. ಅದಕ್ಕೆ ಹೆಚ್ಚಿನ ಸಂಬಳವಿಲ್ಲ. ಅವಳ ಅಮ್ಮ ನನ್ನ ಬಳಿ ಬಂದು, ‘ಸುಮ್ನ ಬಾಯಿ ಮುಚ್ಚಿಕೊಂಡಿದ್ರ ಚಲೋ ಇತ್ತಲ್ರಿ’ ಎಂದು ನೊಂದುಕೊಂಡರು. ಹುಡುಗಿ ಮಾತ್ರ ಬೇರೆ ರೀತಿ ಯೋಚಿಸಿದಳು. ಮೇಲಿನವರಿಗೆ ಲಿಖಿತವಾಗಿ ಬರೆದು, ಇದು ಆಸ್ಪತ್ರೆಗೆ ಬೇಕಾದ ಕೆಲಸವಾದರೆ ಇದಕ್ಕೆ ಒಂದು ಹೊತ್ತು ಗೊತ್ತುಮಾಡಿ, ಕೆಲಸದ ಪಟ್ಟಿಯಲ್ಲಿ ಸೇರಿಸಿ ಎಂದಳು. ಆರು ತಿಂಗಳು ಉತ್ತರ ಬರಲಿಲ್ಲ; ಮತ್ತೆ ಬರೆದಳು. ಈಗ ರೋಗಿಗಳ ನೆರವಿನ ವಿಭಾಗದಲ್ಲಿ ಅವಳಿಗೆ ವಾರಕ್ಕೆ ಎರಡು ದಿನದ ಕೆಲಸ ಬೇರೆಯಾಗಿ ಇದೆ. ಸಂಬಳ ಹೆಚ್ಚಿದ್ದು ಅಷ್ಟಕ್ಕಷ್ಟೆ. ಕಾಳಜಿ ತೋರಿಸಬೇಕು, ಆದರೆ ಆ ಕಾಳಜಿಯನ್ನು ಪುಕ್ಕಟೆ ಸಿಗುವ ವಸ್ತುವಾಗಿ ಮಾಡಬಾರದು. ಇದು ಹೆಣ್ಣುಮಕ್ಕಳು ವಿಶೇಷವಾಗಿ ಕೇಳಬೇಕಾದ ಮಾತು. ‘ಸ್ವಭಾವ ಒಳ್ಳೆಯದು’ ಎಂಬ ಹೊಗಳಿಕೆಯಲ್ಲಿ ಅವರ ಎಷ್ಟು ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆಂಬುದನ್ನು ಮನೆಯಲ್ಲಿ ನೋಡಿದರೆ ಸಾಕು.

ಆ ಎರಡು ಸಾಲಿನ ಪ್ರಶ್ನೆಗೆ ಮರಳುತ್ತೇನೆ. ‘ನಾನು ಶ್ರಮಜೀವಿ, ತಂಡದೊಡನೆ ಹೊಂದಿಕೊಳ್ಳುವವನು, ಹೊಸದನ್ನು ಕಲಿಯುವ ಉತ್ಸಾಹಿ’ ಎಂದು ಎಲ್ಲರೂ ಬರೆಯುತ್ತಾರೆ. ಓದುವವನ ಕಣ್ಣು ಜಾರಿಬಿಡುತ್ತದೆ. ಇದರ ಬದಲು ಒಂದು ಹಾಳೆ ತೆಗೆದುಕೊಂಡು, ಕಳೆದ ಎರಡು ವರ್ಷಗಳಲ್ಲಿ ಯಾರೂ ಹೇಳದೆ ನೀವು ಮಾಡಿದ ಕೆಲಸ ಯಾವುದು, ಲಾಭವಿದ್ದರೂ ಬೇಡವೆಂದದ್ದು ಯಾವುದು, ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂಬುದನ್ನು ಬರೆಯಿರಿ. ಬೇಡವೆಂದದ್ದರ ಪಟ್ಟಿ ಖಾಲಿಯಿದ್ದರೆ ಗಾಬರಿ ಬೇಡ. ಇಪ್ಪತ್ತೆರಡನೆಯ ವಯಸ್ಸಿಗೆ ಅದು ತುಂಬಿರಬೇಕಾಗಿಲ್ಲ. ಆ ಬೇಡವೆಂದದ್ದರ ಬೆಲೆಯನ್ನು ನೀವು ಕೊಟ್ಟಿರೋ, ಬೇರೆ ಯಾರಾದರೂ ಕೊಟ್ಟರೋ ಎಂಬ ಒಂದು ಕಾಲಂ ಕೂಡ ಪಕ್ಕದಲ್ಲಿರಲಿ. ಹೀಗೆ ಬರೆದುಕೊಂಡು ಬಂದ ಒಬ್ಬ ಹುಡುಗ, ಡಿಪ್ಲೊಮಾ ಮುಗಿಸಿದವನು, ತಾನು ಕಾಲೇಜಿನ ಕಾರ್ಯಾಗಾರದಲ್ಲಿ ಕೆಟ್ಟು ಬಿದ್ದಿದ್ದ ಲೇಥ್ ಯಂತ್ರವನ್ನು ರಜೆಯಲ್ಲಿ ಬಿಚ್ಚಿ ಜೋಡಿಸಿದ್ದನ್ನು ಮಾತ್ರ ಸಂದರ್ಶನದಲ್ಲಿ ಹೇಳಿದ. ಯಾವ ಬೇರಿಂಗ್ ಸವೆದಿತ್ತು, ಬದಲಿ ಎಲ್ಲಿ ಸಿಕ್ಕಿತು, 1,400 ರೂಪಾಯಿ ಯಾರು ಕೊಟ್ಟರು ಎಂದೆಲ್ಲ. ಎದುರಿಗಿದ್ದವರು ಉಳಿದ ಪ್ರಶ್ನೆಗಳನ್ನು ಬಿಟ್ಟು ಆ ಬೇರಿಂಗಿನ ಮೇಲೆಯೇ ಅರ್ಧ ಗಂಟೆ ಮಾತಾಡಿದರಂತೆ.

ಕೊನೆಗೆ ಸಂಘಕ್ಕೆ ಒಂದು ಸೂಚನೆ. ರಾಜ್ಯೋತ್ಸವಕ್ಕೆ ಹೊರಗಿನಿಂದ ಕಲಾವಿದರನ್ನು ಕರೆಸಲು ನಾವು ಖರ್ಚು ಮಾಡುವುದು ಸರಿಯೇ. ಅದರ ಜೊತೆಗೆ ತಿಂಗಳಿಗೊಂದು ಭಾನುವಾರ ನಮ್ಮಲ್ಲಿಯೇ ಒಬ್ಬರು, ಓಝರಿನಲ್ಲಿ ವಿಮಾನದ ರೆಕ್ಕೆ ಜೋಡಿಸಿದವರೋ, ಹೋಟೆಲಿನ ಗಲ್ಲೆಯ ಮೇಲೆ ನಲವತ್ತು ವರ್ಷ ಕುಳಿತವರೋ, ಮನೆಯಲ್ಲಿ ಕೂತು ರವಿಕೆ ಹೊಲಿದು ಮಕ್ಕಳನ್ನು ಓದಿಸಿದ ತಾಯಿಯೋ, ತಾವು ಮಾಡಿದ ಒಂದೇ ಒಂದು ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡಲಿ. ಇಡೀ ಜೀವನಚರಿತ್ರೆ ಬೇಡ, ಒಂದು ಕೆಲಸ ಸಾಕು. ಹುಡುಗರು ಕೇಳಿ ಬರೆದುಕೊಳ್ಳಲಿ. ಕನ್ನಡ ಲಿಪಿ ಬಾರದವರು ದೇವನಾಗರಿಯಲ್ಲೇ ಬರೆಯಲಿ, ಆಮೇಲೆ ನಾವು ತಿದ್ದೋಣ. ಮೊದಲ ಭಾನುವಾರಕ್ಕೆ ನಮ್ಮೂರಿನಿಂದ ಆ ಹದಿನೇಳನೆಯ ನಂಬರಿನ ಕಾಕಾನನ್ನು ಕರೆತರುತ್ತೇನೆ. ಅವರು ಮರಾಠಿಯಲ್ಲಿ ಮಾತಾಡುತ್ತಾರೆ, ಪ್ರಯೋಗಾಲಯದ ಹುಡುಗಿ ಕನ್ನಡಕ್ಕೆ ತಿರುಗಿಸುತ್ತಾಳೆ. ಇಬ್ಬರ ಬಸ್ ಖರ್ಚು ಮತ್ತು ಅವಳ ಅನುವಾದದ ಸಂಭಾವನೆ ಸಂಘದ್ದು.